ಓಕಾರಿಟೊದ ಅಳಿವೆಯಲ್ಲಿ

ಇಳಿತದ ಹೊತ್ತು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಪಡುವಣ ಕರಾವಳಿಯಲ್ಲಿರುವ ಓಕಾರಿಟೊದ ಹಿನ್ನೀರು ಸರಿದು ಕೆಸರು ಬಯಲಾಗುತ್ತಿದೆ. ತೆಳುನೀರಿನಲ್ಲಿ ದೊಡ್ಡ ಬೆಳ್ಳಕ್ಕಿಯೊಂದು ಕತ್ತು ಓರೆ ಮಾಡಿ ನೋಡುತ್ತದೆ, ಒಂದು ಹೆಜ್ಜೆ ಇಟ್ಟು ಬಹಳ ಹೊತ್ತು ನಿಲ್ಲುತ್ತದೆ. ನಮ್ಮ ಕೆರೆಗಳಲ್ಲಿ ಕಾಣುವ ಹಕ್ಕಿಯ ಬಳಗವೇ. ಆದರೆ ಇಲ್ಲಿನ ಮೂಲನಿವಾಸಿಗಳಾದ ಮಾವೊರಿಗಳು ಕೋಟುಕು ಎನ್ನುವ ಇದು ಈ ಇಡೀ ದೇಶದಲ್ಲಿ ಗೂಡು ಕಟ್ಟುವುದು ಒಂದೇ ಕಡೆ, ಇಲ್ಲಿಂದ ಉತ್ತರಕ್ಕೆ, ವೈಟಾಂಗಿರೊಟೊ ನದಿಯ ದಂಡೆಯ ಕಾಡಿನಲ್ಲಿ. ಅಪರೂಪದ ಅತಿಥಿಯನ್ನು ಮಾವೊರಿಗಳು ಹೋಲಿಸುವುದು ಇದಕ್ಕೇ.

ಹಕ್ಕಿಯ ಕೊಕ್ಕಿಗೆ ಏನು ಸಿಗುತ್ತಿದೆ ಎಂದು ನೋಡುತ್ತ ಹೋದರೆ ಊರಿನ ಮೊದಲ ಅಧ್ಯಾಯವೇ ತೆರೆದುಕೊಳ್ಳುತ್ತದೆ. ಇನಂಗಾ ಎಂಬ ಸಣ್ಣ ಮೀನು, ಎಳೆಯ ಹಾವುಮೀನು, ನಂಗಿನಂಥ ಚಪ್ಪಟೆ ಮೀನು. ಇವುಗಳ ಜೊತೆಗೆ ಕಾಡುಬಾತು ಮತ್ತು ಜೌಗಿನ ಹರಕೆಕೆ ಗಿಡದ ನಾರು ಸೇರಿ ಮಾವೊರಿಗಳನ್ನು ಇಲ್ಲಿಗೆ ಕರೆತಂದವು. ನಾರಿನಿಂದ ಹಗ್ಗ, ಬುಟ್ಟಿ, ಹೊದಿಕೆ ಹೆಣೆದರು. ಪೊನಮು ಎಂಬ ಹಸಿರುಕಲ್ಲನ್ನು ಹುಡುಕಿ ಈ ಕರಾವಳಿಯಲ್ಲಿ ನಡೆದವರಿಗೆ ಇಂಥ ಹಿನ್ನೀರೇ ಅನ್ನದ ಆಸರೆ. ಆದರೆ ಅದು ಸುಲಭದ ಅನ್ನವಲ್ಲ. ಕಡಲು ಮರಳು ತಳ್ಳಿ ಅಳಿವೆಯ ಬಾಯಿ ಮುಚ್ಚಿದರೆ ಒಳಗೆ ನೀರೇರುತ್ತದೆ, ಒಡೆದರೆ ಉಪ್ಪುನೀರು ನುಗ್ಗುತ್ತದೆ. ಬಲಿತ ಹಾವುಮೀನು ಮೊಟ್ಟೆಯಿಡಲು ದೂರದ ಬಿಸಿಗಡಲಿಗೆ ಹೋಗಬೇಕು, ಬಾಯಿ ಮುಚ್ಚಿದ್ದರೆ ದಾರಿಯೇ ಇಲ್ಲ. ಈ ಏರಿಳಿತವನ್ನು ತಲೆಮಾರುಗಳ ಕಾಲ ನೋಡಿದವರ ತಿಳಿವಳಿಕೆಯನ್ನು ನಾನು ವಿಜ್ಞಾನವೆಂದೇ ಕರೆಯುತ್ತೇನೆ.

1860ರ ಅರಾಹುರಾ ಒಪ್ಪಂದದಲ್ಲಿ ಬ್ರಿಟಿಷ್ ರಾಜಸತ್ತೆ ಈ ಪಡುವಣ ಕರಾವಳಿಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಮಾವೊರಿಗಳಿಂದ 300 ಪೌಂಡಿಗೆ ಕೊಂಡಿತು. ಐದೇ ವರ್ಷಕ್ಕೆ ದಡದ ಕಪ್ಪು ಮರಳಿನಲ್ಲಿ ಚಿನ್ನ ಸಿಕ್ಕಿತು. ಸಾವಿರಾರು ಜನ ಹಡಗಿಳಿದರು, ಹೋಟೆಲು ಅಂಗಡಿಗಳ ಸಾಲೆದ್ದಿತು, ಮರಳು ಬರಿದಾದಂತೆ ಎಲ್ಲರೂ ಹೊರಟರು. ಡೊನೊವನ್ ಅಂಗಡಿಯ ಮರದ ಕಟ್ಟಡ ಉಳಿದಿದೆ. ಈಗಿನ ಊರು ಬೆರಳೆಣಿಕೆಯ ಮನೆಗಳದು. ಓಕಾರಿಟೊದ ಕಥೆಯನ್ನು ಈ ಚಿನ್ನದಿಂದಲೇ ಶುರು ಮಾಡುವವರ ಜೊತೆ ನನಗೆ ಸಹಮತವಿಲ್ಲ. ಅದು ಅತಿ ಚಿಕ್ಕ ಅಧ್ಯಾಯ.

ಕೋಟುಕುವಿನ ಗರಿ ಮಾವೊರಿ ಮುಖಂಡರ ತಲೆಯ ಅಲಂಕಾರವಾಗಿತ್ತು. ಆಮೇಲೆ ಐರೋಪ್ಯ ಹೆಂಗಸರ ಟೋಪಿಗೂ ಬೇಡಿಕೆ ಬಂದು ಬೇಟೆ ಮಿತಿಮೀರಿತು. 1941ರಲ್ಲಿ ವೈಟಾಂಗಿರೊಟೊ ದಂಡೆಯ ಕಾಡಿನಲ್ಲಿ ಎಣಿಸಿದ್ದು ನಾಲ್ಕೇ ಗೂಡು. ಕಾವಲು ಬಿಗಿಯಾದ ಮೇಲೆ ಗೂಡುಗಳು ಹೆಚ್ಚಿವೆ. ಆದರೂ ದೇಶದಲ್ಲಿ ಈ ಹಕ್ಕಿ ಇಂದಿಗೂ ವಿರಳವೇ.

ಙಾಯ್ ಟಾಹು ಎಂದೂ ಕರೆಸಿಕೊಳ್ಳುವ ಕಾಯಿ ಟಾಹು ಎಂಬ ಮಾವೊರಿ ಬುಡಕಟ್ಟಿನ ಮೂಲದ ಲೇಖಕಿ ಕೇರಿ ಹ್ಯೂಮ್ ಈ ಊರಿನಲ್ಲಿ ದಶಕಗಳ ಕಾಲ ನೆಲೆಸಿದ್ದರು. 1985ರಲ್ಲಿ ಬುಕರ್ ಪ್ರಶಸ್ತಿ ಬಂದ ಮೇಲೂ ಇನಂಗಾ ಮರಿಗಳ ಕಾಲದಲ್ಲಿ ಬಲೆ ಹಿಡಿದು ನೀರಿಗಿಳಿಯುವುದನ್ನು ಬಿಡಲಿಲ್ಲ. ಅವರ ಪೂರ್ವಿಕರಿಗೂ ಈ ಹಿನ್ನೀರಿಗೂ ಇರುವ ನಂಟನ್ನು ಸರ್ಕಾರ ಕಾನೂನಿನ ಮಾತಿನಲ್ಲಿ ಬರೆದು ಒಪ್ಪಿಕೊಂಡಿದ್ದು 1998ರ ಙಾಯ್ ಟಾಹು ಪರಿಹಾರ ಕಾಯ್ದೆಯಲ್ಲಿ. 300 ಪೌಂಡಿನ ಆ ಒಪ್ಪಂದವಾಗಿ ಆಗಲೇ 138 ವರ್ಷ ಕಳೆದಿತ್ತು.