ಹುಸಿಮದ್ದಿಗೆ ಸೋತ ಅರ್ಜಿನೈನ್

ಸ್ವಲ್ಪ ದೂರ ನಡೆದರೆ ಮೀನಖಂಡ ಹಿಂಡಿದಂತೆ ನೋವು; ನಿಂತರೆ ಎರಡು ಮೂರು ನಿಮಿಷದಲ್ಲಿ ಮಾಯ. ವಯಸ್ಸಾಯಿತು ಎಂದು ಬಹಳ ಜನ ಸುಮ್ಮನಾಗುತ್ತಾರೆ. ಎಷ್ಟೋ ಸಲ ಇದು ಕಾಲಿನ ಅಪಧಮನಿಯಲ್ಲಿ ಕೊಬ್ಬು ಕಟ್ಟಿಕೊಂಡು ಹಾದಿ ಕಿರಿದಾದುದರ ಗುರುತು. ಕುಳಿತಾಗ ಸಾಲುವ ರಕ್ತ ನಡೆಯುವಾಗ ಸಾಲುವುದಿಲ್ಲ.

ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸಿ ನಾಳವನ್ನು ಸಡಿಲಿಸುತ್ತದೆ. ಇದನ್ನು ಕಂಡುಹಿಡಿದವರಿಗೆ 1998ರಲ್ಲಿ ನೊಬೆಲ್ ಬಂತು. ಆ ಅನಿಲಕ್ಕೆ ಕಚ್ಚಾವಸ್ತು ಅರ್ಜಿನೈನ್, ನಮ್ಮ ಶೇಂಗಾದಲ್ಲೂ ಇರುವ ಅಮೈನೊ ಆಮ್ಲ. ಅದನ್ನೇ ಹೆಚ್ಚಾಗಿ ತಿಂದರೆ ರಕ್ತ ಸರಾಗವಾಗಿ ಹರಿಯಬೇಕಲ್ಲವೇ? 2000ದಲ್ಲಿ ಪ್ರಕಟವಾದ, 41 ರೋಗಿಗಳ ಎರಡು ವಾರದ ಪರೀಕ್ಷೆ ಹೌದೆಂದಿತು. ಅರ್ಜಿನೈನ್ ಬೆರೆಸಿದ ತಿನಿಸನ್ನು ದಿನಕ್ಕೆರಡು ತಿಂದವರು ನೋವಿಲ್ಲದೆ ನಡೆಯುವ ದೂರ ಶೇ 66ರಷ್ಟು ಹೆಚ್ಚಿತ್ತು.

ಆದರೆ ಇದು ಎರಡು ವಾರದ ಕಾಯಿಲೆಯಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 133 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಆರು ತಿಂಗಳು ಒಂದು ಗುಂಪಿಗೆ ದಿನಕ್ಕೆ 3 ಗ್ರಾಂ ಅರ್ಜಿನೈನ್, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಹುಸಿಮದ್ದು. 2007ರಲ್ಲಿ ಫಲಿತಾಂಶ ಹೊರಬಿತ್ತು. ಅರ್ಜಿನೈನ್ ತೆಗೆದುಕೊಂಡವರು ಟ್ರೆಡ್‌ಮಿಲ್ ಮೇಲೆ ನಡೆಯುವ ದೂರ ಶೇ 11.5ರಷ್ಟು ಹೆಚ್ಚಿತ್ತು, ಹುಸಿಮದ್ದಿನವರದು ಶೇ 28.3ರಷ್ಟು. ನೈಟ್ರಿಕ್ ಆಕ್ಸೈಡ್ ಹೆಚ್ಚಿದ ಸುಳಿವೂ ಇರಲಿಲ್ಲ.

ಮದ್ದೇ ಇಲ್ಲದ ಮದ್ದಿಗೆ ಕಾಲು ಹೇಗೆ ಸುಧಾರಿಸಿತು? ಟ್ರೆಡ್‌ಮಿಲ್ ರೂಢಿಯಾಗುತ್ತದೆ. ವೈದ್ಯರು ಗಮನಿಸುತ್ತಿದ್ದಾರೆಂಬ ಧೈರ್ಯದಲ್ಲಿ ಜನ ಇನ್ನಷ್ಟು ನಡೆಯುತ್ತಾರೆ. ನೋವಿಗೂ ಏರಿಳಿತವಿದೆ, ತೀರ ಕೆಟ್ಟ ದಿನಗಳಲ್ಲಿ ಸೇರಿಕೊಂಡವರಿಗೆ ಮುಂದೆ ಒಂದಿಷ್ಟು ನಿರಾಳವಾಗುವುದು ಸಹಜ. ಹುಸಿಮದ್ದಿನ ಗುಂಪೇ ಇಲ್ಲದಿದ್ದರೆ, ಆ 11.5 ಅನ್ನೇ ಡಬ್ಬಿಯ ಮೇಲೆ ಅಚ್ಚು ಹಾಕಿ ಮಾರಬಹುದಿತ್ತು. ಅದಕ್ಕೇ ನನಗೆ ಈ ಎರಡನೆಯ ಗುಂಪಿನ ಮೇಲೆ ಇಷ್ಟು ಗೌರವ. ‘ನನಗೆ ಗುಣವಾಯಿತು’ ಎನ್ನುವ ನೆರೆಯವರು ಸುಳ್ಳು ಹೇಳುತ್ತಿಲ್ಲ. ಗುಣ ತಾವು ತೆಗೆದುಕೊಂಡ ಮದ್ದಿನಿಂದಲೇ ಆಯಿತು ಎನ್ನಲು ಮಾತ್ರ ಅವರ ಮಾತು ಸಾಲದು.

ಇಂಥ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಗೆದ್ದಿರುವುದು ನಡಿಗೆ. ನೋವು ಜೋರಾಗುವವರೆಗೆ ನಡೆದು, ನಿಂತು, ಕಡಿಮೆಯಾದ ಮೇಲೆ ಮತ್ತೆ ನಡೆಯುವುದು. ವಾರಕ್ಕೆ ಮೂರು ದಿನ, ಕನಿಷ್ಠ ಮೂರು ತಿಂಗಳು, ವೈದ್ಯರ ಸಲಹೆಯಂತೆ. ಬೀಡಿ, ಸಿಗರೇಟು ಪೂರ್ತಿ ಬಿಡಬೇಕು.

ನಿಮ್ಮ ಮನೆಯಲ್ಲಿ ಯಾರಿಗಾದರೂ ನಡೆದಾಗ ಬಂದು ನಿಂತಾಗ ಹೋಗುವ ಕಾಲುನೋವಿದ್ದರೆ, ಡಬ್ಬಿ ಕೊಳ್ಳುವ ಮೊದಲು, ಕಾಲಿನ ಅಪಧಮನಿ ಕಿರಿದಾಗಿದೆಯೇ ಎಂದು ತಿಳಿಯಲು ಅವರ ತೋಳಿನ ಮತ್ತು ಕಣಕಾಲಿನ ರಕ್ತದೊತ್ತಡ ಎರಡನ್ನೂ ಅಳೆಸಿ.