ಅಡ್ರಿನಲ್ ಗ್ರಂಥಿಯ ನರಮೂಲದ ಗಡ್ಡೆಗಳು

ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳ ಒಳತಿರುಳು ಹುಟ್ಟಿನಿಂದ ನರದ ಕುಲಕ್ಕೆ ಸೇರಿದ್ದು. ಭ್ರೂಣದ ಬೆನ್ನುದ್ದಕ್ಕೂ ಇರುವ ನರಶಿಖೆಯ ಕೋಶಗಳು ವಲಸೆ ಬಂದು ಇಲ್ಲಿ ನೆಲೆಸುತ್ತವೆ. ಉಳಿದ ನರಕೋಶಗಳಂತೆ ತಂತು ಚಾಚದೆ, ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್‌ಗಳನ್ನು ನೇರವಾಗಿ ರಕ್ತಕ್ಕೇ ಬಿಡುತ್ತವೆ.

ಈ ಕುಲದಿಂದ ಏಳುವ ಗಡ್ಡೆಗಳಲ್ಲಿ ನ್ಯೂರೋಬ್ಲಾಸ್ಟೋಮ ಮುಖ್ಯವಾಗಿ ಪುಟ್ಟ ಮಕ್ಕಳ ಕಾಯಿಲೆ. ದೊಡ್ಡವರಲ್ಲಿ ತೀರಾ ಅಪರೂಪ, ಬಂದರೆ ವಾಸಿಯಾಗುವುದು ಕಷ್ಟ. ಗ್ಯಾಂಗ್ಲಿಯೋನ್ಯೂರೋಮ ಸಾಧು ಸ್ವಭಾವದ್ದು. ಬೇರಾವುದೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ಕಣ್ಣಿಗೆ ಬೀಳುತ್ತದೆ. ದೊಡ್ಡವರನ್ನು ಹೆಚ್ಚು ಕಾಡುವುದು ಫಿಯೊಕ್ರೊಮೊಸೈಟೋಮ. ಅದೂ ವಿರಳವೇ: ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು 2ರಿಂದ 8 ಮಂದಿಗೆ.

ಇದ್ದಕ್ಕಿದ್ದಂತೆ ತಲೆ ಸಿಡಿಯುವುದು, ಮೈ ಬೆವರುವುದು, ಎದೆ ಡವಡವ ಹೊಡೆದುಕೊಳ್ಳುವುದು, ಜೊತೆಗೆ ಏರುವ ಬಿ.ಪಿ. – ಇದು ಅದರ ಗುರುತು. ಬಗ್ಗಿದರೂ, ಹೊಟ್ಟೆ ಅದುಮಿದರೂ, ಅರಿವಳಿಕೆ ಕೊಟ್ಟರೂ ಕೆರಳಬಹುದು. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಶಾಂತ. ಹಾಗಾಗಿ ಎಷ್ಟೋ ಸಲ ಇದಕ್ಕೆ ‘ಗಾಬರಿ’ ಎಂಬ ಹಣೆಪಟ್ಟಿ ಬೀಳುತ್ತದೆ.

ಹಾರ್ಮೋನು ಉಕ್ಕುವುದು ಆಗೊಮ್ಮೆ ಈಗೊಮ್ಮೆಯಾದರೆ ಪರೀಕ್ಷೆಯಲ್ಲಿ ಅದನ್ನು ಹಿಡಿಯುವುದು ಹೇಗೆ? ಮಣ್ಣಿನ ಹೂಜಿಯಿಂದ ನೀರು ಬಗ್ಗಿಸುವುದು ಆಗಾಗ ಮಾತ್ರ, ಅದರ ಮೈ ಜಿನುಗುವುದು ಸದಾ. ಗಡ್ಡೆಯ ಕೋಶಗಳೂ ಹಾಗೆಯೇ. ಅವುಗಳೊಳಗೆ ಸಂಗ್ರಹವಾದ ಹಾರ್ಮೋನು ಸ್ವಲ್ಪ ಸ್ವಲ್ಪವೇ ಸೋರುತ್ತ, ಅಲ್ಲಿನ ಕಿಣ್ವವೊಂದರ ಕೈಗೆ ಸಿಕ್ಕಿ ಮೆಟನೆಫ್ರಿನ್ ಆಗಿ ಹೊರಬೀಳುತ್ತಿರುತ್ತದೆ. ಆದ್ದರಿಂದ ರೋಗಿ ಹಾಯಾಗಿರುವ ದಿನವೂ ರಕ್ತದಲ್ಲಿ ಇಲ್ಲವೇ 24 ಗಂಟೆಯ ಮೂತ್ರದಲ್ಲಿ ಮೆಟನೆಫ್ರಿನ್ ಅಳೆದರೆ ಸುಳಿವು ಸಿಗುತ್ತದೆ. ಗಡ್ಡೆ ಎಲ್ಲಿದೆ ಎಂದು ಹುಡುಕುವ ಸಿ.ಟಿ., ಎಂ.ಆರ್.ಐ. ಸ್ಕ್ಯಾನ್‌ಗಳ ಸರದಿ ಆಮೇಲಿನದು.

1886ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಫೆಲಿಕ್ಸ್ ಫ್ರಾಂಕೆಲ್ 18 ವರ್ಷದ ಯುವತಿಯೊಬ್ಬಳ ಸಾವನ್ನು ವರದಿ ಮಾಡಿದ. ಆಕೆಯ ಎರಡೂ ಅಡ್ರಿನಲ್‌ಗಳಲ್ಲಿ ಗಡ್ಡೆಗಳಿದ್ದವು. ಫಿಯೊಕ್ರೊಮೊಸೈಟೋಮ ಎಂಬ ಹೆಸರನ್ನು ಲುಡ್ವಿಗ್ ಪಿಕ್ ಇಟ್ಟದ್ದು 1912ರಲ್ಲಿ. 1926ರಲ್ಲಿ ಸ್ವಿಟ್ಜರ್‌ಲೆಂಡಿನ ಸೆಸಾರ್ ರೂ, ಅಮೆರಿಕದ ಚಾರ್ಲ್ಸ್ ಮೇಯೊ ಬೇರೆಬೇರೆಯಾಗಿ ಇಂಥ ಗಡ್ಡೆಗಳನ್ನು ಕತ್ತರಿಸಿ ತೆಗೆದರು. ಫ್ರಾಂಕೆಲ್‌ನ ಪ್ರಕರಣ ಮಾತ್ರ ಪೂರ್ತಿ ಬಿಡಿಸಿಕೊಂಡದ್ದು 2007ರಲ್ಲಿ. ಆ ಯುವತಿಯ ಬಂಧುಗಳ ಇಂದಿನ ಪೀಳಿಗೆಯನ್ನು ಪತ್ತೆಹಚ್ಚಿ ಪರೀಕ್ಷಿಸಿದಾಗ ರೆಟ್ ಎಂಬ ಜೀನಿನಲ್ಲಿ ದೋಷ ಕಂಡಿತು. ಆಕೆಯದು ವಂಶದಲ್ಲಿ ಹರಿದುಬಂದ ಕಾಯಿಲೆ!

ಹತ್ತರಲ್ಲೊಂದು ಆನುವಂಶಿಕ, ಹತ್ತರಲ್ಲೊಂದು ಕ್ಯಾನ್ಸರ್ ಎಂಬ ‘ಹತ್ತರ ಸೂತ್ರ’ವನ್ನು ವೈದ್ಯ ವಿದ್ಯಾರ್ಥಿಗಳು ಬಹುಕಾಲ ಬಾಯಿಪಾಠ ಮಾಡಿದ್ದಾರೆ. ನೆನಪಿಡಲು ಸುಲಭ ಎಂಬುದಷ್ಟೇ ಅದರ ಹೆಚ್ಚುಗಾರಿಕೆ. ಮೂವರು ರೋಗಿಗಳಲ್ಲಿ ಸುಮಾರು ಒಬ್ಬರಿಗೆ ಹುಟ್ಟಿನಿಂದಲೇ ಜೀನ್ ದೋಷವಿರುತ್ತದೆಂದು ಈಗ ಗೊತ್ತಾಗಿದೆ. ಆದ್ದರಿಂದ ಜೀನ್ ಪರೀಕ್ಷೆಯನ್ನು ಎಲ್ಲ ರೋಗಿಗಳಿಗೂ ಸೂಚಿಸುತ್ತಾರೆ.

ಚಿಕಿತ್ಸೆಯೆಂದರೆ ಶಸ್ತ್ರಕ್ರಿಯೆ, ಈಗ ಹೆಚ್ಚಾಗಿ ಲ್ಯಾಪರೋಸ್ಕೋಪಿಯಲ್ಲಿ. ಅದಕ್ಕೆ ಮೊದಲು ಒಂದೆರಡು ವಾರ ಆಲ್ಫಾ ತಡೆ ಮಾತ್ರೆ ಕೊಟ್ಟು ಬಿಗಿದ ರಕ್ತನಾಳಗಳನ್ನು ಸಡಿಲಿಸಬೇಕು; ಉಪ್ಪು, ನೀರು ಧಾರಾಳವಾಗಿ ಸೇವಿಸಬೇಕು. ಇಲ್ಲದಿದ್ದರೆ ಗಡ್ಡೆ ಹೊರಬಂದೊಡನೆ ಬಿ.ಪಿ. ಕುಸಿಯುತ್ತದೆ. ಎದೆಬಡಿತ ತಗ್ಗಿಸುವ ಬೀಟಾ ತಡೆ ಮಾತ್ರೆಯ ಸರದಿ ಏನಿದ್ದರೂ ಆಮೇಲೆ. ಅದನ್ನೇ ಮೊದಲು ಕೊಟ್ಟರೆ ನಾಳಗಳನ್ನು ಹಿಗ್ಗಿಸುವ ದಾರಿ ಮುಚ್ಚಿ, ಬಿಗಿಸುವ ದಾರಿಯಷ್ಟೇ ತೆರೆದಿರುತ್ತದೆ, ಬಿ.ಪಿ. ಇನ್ನಷ್ಟು ಏರುತ್ತದೆ. ಗಡ್ಡೆ ವರ್ಷಗಳ ನಂತರವೂ ಮರುಕಳಿಸಬಹುದಾದ್ದರಿಂದ ಮೆಟನೆಫ್ರಿನ್ ಪರೀಕ್ಷೆ ವರ್ಷಕ್ಕೊಮ್ಮೆ ಮುಂದುವರಿಯುತ್ತದೆ.