ಆರನೇ ವರ್ಷಕ್ಕೆ ಬರೋ ದವಡೆ ಹಲ್ಲು ಹಾಲು ಹಲ್ಲಲ್ಲ

ಡೊಂಬಿವಲಿ ಎಂಐಡಿಸಿಯಿಂದ ಈ ವಾರದ ಮಾತು ಹಲ್ಲಿನ ಬಗ್ಗೆ. ವಿಡಿಯೋ ನೋಡೋಕೆ ಟೈಮ್ ಇಲ್ಲದವರು ಲೋಕಲ್‌ನಲ್ಲಿ ನಿಂತೇ ಓದಿಕೊಳ್ಳಿ. ಮನೇಲಿ ಐದಾರು ವರ್ಷದ ಮಗು ಇದ್ದರೆ ಕೊನೆವರೆಗೂ ಓದಿ.

ದೊಡ್ಡವರಿಗೆ ಒಟ್ಟು 32 ಹಲ್ಲು. ಮೇಲೆ-ಕೆಳಗೆ, ಎಡ-ಬಲ ಅಂತ ಬಾಯನ್ನು ನಾಲ್ಕು ಭಾಗ ಮಾಡಿದರೆ, ಪ್ರತಿ ಭಾಗದಲ್ಲೂ ಮುಂದಿನಿಂದ ಹಿಂದಕ್ಕೆ ಒಂದೇ ಲೆಕ್ಕ: 2, 1, 2, 3.

ಬಾಚಿ ಹಲ್ಲು, 2: ಬಡಗಿಯ ಬಾಚಿ ಥರ ಚಪ್ಪಟೆ, ಅಂಚು ಹರಿತ. ಮರಾಠಿಯಲ್ಲಿ ‘ಪಟಾಶಿಚೆ ದಾತ್’ ಅಂತಾರೆ. ಪಟಾಶಿ ಅಂದ್ರೆ ಉಳಿ. ವಡಾಪಾವ್ ಕಚ್ಚಿ ತುಂಡು ಮಾಡೋದು ಇವೇ.

ಕೋರೆ ಹಲ್ಲು, 1: ಚೂಪು, ಬೇರು ಎಲ್ಲಕ್ಕಿಂತ ಉದ್ದ. ಕಬ್ಬಿನ ಸಿಪ್ಪೆ ಸಿಗಿಯೋಕೆ ಇದೇ ಬೇಕು.

ಮುಂದವಡೆ ಹಲ್ಲು, 2: ಸಾಮಾನ್ಯವಾಗಿ ಮೇಲೆ ಎರಡು ಉಬ್ಬು. ಹಿಡಿದು ಜಜ್ಜೋ ಕೆಲಸ.

ಹಿಂದವಡೆ ಹಲ್ಲು, 3: ಅಗಲವಾದ ಅರೆಯೋ ಕಲ್ಲು. ಅಡಕತ್ತರಿಯಲ್ಲಿ ಅಡಿಕೆಯನ್ನು ಕೀಲಿನ ಹತ್ತಿರ ಇಡ್ತೀವಲ್ಲ, ಹಾಗೇ ದವಡೆಯ ಕೀಲಿಗೆ ಹತ್ತಿರ ಇರೋದರಿಂದ ಇಲ್ಲಿ ಬಲ ಜಾಸ್ತಿ. ಕೊನೆಯದು ಬುದ್ಧಿ ಹಲ್ಲು. ಸಾಮಾನ್ಯವಾಗಿ 17ರಿಂದ 25ರೊಳಗೆ ಬರುತ್ತೆ, ಕೆಲವರಿಗೆ ಬರೋದೇ ಇಲ್ಲ.

ಈಗ ಮಕ್ಕಳ ವಿಷಯ. ಹಾಲು ಹಲ್ಲು 20. ಪ್ರತಿ ಭಾಗಕ್ಕೆ ಬಾಚಿ 2, ಕೋರೆ 1, ದವಡೆ 2. ಈ ದವಡೆ ಹಲ್ಲುಗಳು ಬಿದ್ದ ಜಾಗಕ್ಕೆ ಬರೋದು ಮುಂದವಡೆ ಹಲ್ಲು. ಹಿಂದವಡೆ ಹಲ್ಲು ಮಾತ್ರ ಯಾವ ಹಾಲು ಹಲ್ಲಿನ ಜಾಗಕ್ಕೂ ಬರಲ್ಲ. ಮೊದಲನೆಯದು ಸುಮಾರು ಆರನೇ ವರ್ಷಕ್ಕೆ, ಕೊನೆಯ ಹಾಲು ಹಲ್ಲಿನ ಹಿಂದೆ, ಸದ್ದಿಲ್ಲದೆ ಹುಟ್ಟುತ್ತೆ. ಅದಕ್ಕಾಗಿ ಯಾವ ಹಲ್ಲೂ ಬೀಳದೆ ಇರೋದರಿಂದ ಎಷ್ಟೋ ಮನೆಗಳಲ್ಲಿ ಅದನ್ನೂ ಹಾಲು ಹಲ್ಲು ಅಂದುಕೊಂಡು, ‘ಹುಳುಕಾದ್ರೆ ಆಗಲಿ, ಹೇಗೂ ಬೀಳುತ್ತೆ’ ಅಂತ ಬಿಡ್ತಾರೆ. ಅದು ಬಿದ್ದರೆ ಬದಲಿ ಹಲ್ಲಿಲ್ಲ. ಮೇಲಿನ ಗೀರುಗಳು ಆಳ, ಆಹಾರ ಸಿಕ್ಕಿಕೊಳ್ಳುತ್ತೆ. ಸವೆದ ಎನಾಮೆಲ್ ಮತ್ತೆ ಬೆಳೆಯಲ್ಲ.

ಇವತ್ತು ರಾತ್ರಿ ಮೊಬೈಲ್ ಟಾರ್ಚ್ ಹಾಕಿ, ನಡುವಿನಿಂದ ಹಿಂದಕ್ಕೆ ಎಣಿಸಿ. ಬಿದ್ದ ಹಲ್ಲಿನ ಜಾಗವನ್ನೂ ಲೆಕ್ಕಕ್ಕೆ ಹಿಡೀರಿ. ಆರನೆಯದು ಕಂಡರೆ, ಅದೇ ಶಾಶ್ವತ ಹಲ್ಲು. ಅದಿನ್ನೂ ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿದ್ದರೆ ಬ್ರಶ್ ಮುಟ್ಟದೆ ಹೋಗುತ್ತೆ. ಬ್ರಶ್ ಅಡ್ಡ ಹಿಡಿದು ನೀವೇ ಉಜ್ಜಿ. ಡೆಂಟಿಸ್ಟ್ ಹತ್ರ ಸೀಲೆಂಟ್ ಬಗ್ಗೆ ಕೇಳಿ. ಆ ಗೀರುಗಳನ್ನು ತೆಳು ಪದರದಿಂದ ಮುಚ್ಚುತ್ತಾರೆ. ಮರಾಠಿಯಲ್ಲಿ ಹೇಳೋದಾದ್ರೆ ದವಡೆ ಹಲ್ಲಿಗೆ ‘ದಾಢ್’ ಅನ್ನಿ, ಬರೀ ‘ದಾತ್’ ಅನ್ನಬೇಡಿ.

ಮುಂದಿನ ವಾರ ಸಿಗೋಣ.